ಆಪರೇಷನ್ನಿಗೆ ಮುಂಚಿನ ಮೊಸರನ್ನ

ನಮ್ಮ ಬಸವೇಶ್ವರನಗರದ ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಎಲ್ಲರೂ ಡಾಕ್ಟರುಗಳೇ. ಪಿಯುಸಿ ಓದುತ್ತಿದ್ದ ಮಗಳು ಒಂದು ಬೆಳಗ್ಗೆ ಹೊಕ್ಕಳ ಸುತ್ತ ನೋವು ಅಂತ ಮುದುಡಿಕೊಂಡು ಮಲಗಿದಳು. "ಗ್ಯಾಸು ಆಂಟಿ, ಓಮದ ನೀರು ಕೊಡಿ," ಎಂದಳು ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ. ನನ್ನ ಗಂಡನ ಪ್ರಕಾರ ಹಿಂದಿನ ದಿನದ ಪಾನಿಪುರಿ. ಅತ್ತೆ "ಹೊಕ್ಕಳು ಸರಿದಿದೆ" ಎಂದು ತೀರ್ಪು ಕೊಟ್ಟು, ಹರಳೆಣ್ಣೆ ಬಟ್ಟಲು ಹಿಡಿದು ಹೊಟ್ಟೆ ತೀಡಲು ಕೂತೇಬಿಟ್ಟರು. ಮಗಳು ಕಿರುಚಿ ಅವರ ಕೈ ತಳ್ಳಿದಳು.

ಮಧ್ಯಾಹ್ನದ ಹೊತ್ತಿಗೆ ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ವಾಂತಿ, ಜ್ವರ, ನೆಟ್ಟಗೆ ನಿಲ್ಲಲಾರಳು. "ಗ್ಯಾಸು ಹೀಗೆ ಒಂದೇ ಕಡೆ ಬಂದು ಕೂರುತ್ತೇನ್ರೀ?" ಎಂದು ಗಂಡನ ಮೇಲೆ ರೇಗಿ, ಆಟೋ ಹಿಡಿಸಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಲಗಡೆ ಮೆಲ್ಲಗೆ ಒತ್ತಿದರು. ಒತ್ತಿದಾಗ ಹಲ್ಲು ಕಚ್ಚಿಕೊಂಡಿದ್ದ ಮಗಳು, ಅವರು ತಟ್ಟನೆ ಕೈ ತೆಗೆದಾಗ ಚೀರಿದಳು. "ಅಪೆಂಡಿಕ್ಸ್ ಇರ್ಬೇಕಮ್ಮ. ಮನೆಗೆ ಹೋಗ್ಬೇಡಿ, ನೇರ ಆಸ್ಪತ್ರೆಗೆ ಹೋಗಿ," ಎಂದರು.

ಸ್ಕ್ಯಾನಿನಲ್ಲೂ ಅದೇ ಬಂತು. "ತುಂಬಾ ಊದ್ಕೊಂಡಿದೆ ಮೇಡಂ. ಒಡೆದ್ರೆ ಕೀವು ಹೊಟ್ಟೆಯೆಲ್ಲ ಹರಡುತ್ತೆ. ಬೇಗ ತೆಗೆದ್ಬಿಡೋಣ. ಅಲ್ಲಿವರೆಗೂ ಒಂದು ತೊಟ್ಟು ನೀರೂ ಕೊಡ್ಬೇಡಿ," ಎಂದರು ಸರ್ಜನ್. ಅಷ್ಟರಲ್ಲಿ ಅತ್ತೆಯೂ ಬಂದಿದ್ದರು. ಅವರಿಗೂ ಆ ಮಾತನ್ನು ಬಿಡಿಸಿ ಹೇಳಿ, ಮಗಳ ಹತ್ತಿರ ಕೂರಿಸಿ, ನಾವಿಬ್ಬರೂ ಇನ್ಶೂರೆನ್ಸ್ ಕೌಂಟರಿಗೆ ಹೋದೆವು.

ನಮ್ಮ ಮನೆಯಲ್ಲಿ ಊರಿಗಿರಲಿ, ಪರೀಕ್ಷೆಗಿರಲಿ, ಒಂದು ತುತ್ತು ಮೊಸರನ್ನ ಬಾಯಿಗೆ ಹಾಕಿಕೊಳ್ಳದೆ ಯಾರೂ ಹೊಸ್ತಿಲು ದಾಟುವ ಹಾಗಿಲ್ಲ. ಅತ್ತೆ ಮಾಡಿದ ಕಟ್ಟಳೆ ಅದು. ವಾಪಸು ಬಂದರೆ ನರ್ಸ್ ಕೈಯಲ್ಲಿ ಅತ್ತೆಯ ಸ್ಟೀಲ್ ಡಬ್ಬಿ, ತಳದಲ್ಲಿ ನಾಲ್ಕು ಅಗುಳು. "ಯಾರ್ರೀ ಇದನ್ನ ತಿನ್ಸಿದ್ದು?"

"ಬೇಡ ಅಂದೆ ಅಮ್ಮ, ಅಜ್ಜಿ ಬಿಡ್ಲಿಲ್ಲ," ಎಂದಳು ಮಗಳು.

ಅರಿವಳಿಕೆ ಕೊಡುವ ಡಾಕ್ಟರು ಸುತರಾಂ ಒಪ್ಪಲಿಲ್ಲ. ಮಂಪರಿನಲ್ಲಿ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯವಂತೆ. ಆಪರೇಷನ್ ಮಾಡಿದರೆ ಆ ಭಯ, ಕಾದರೆ ಅಪೆಂಡಿಕ್ಸ್ ಒಡೆಯುವ ಭಯ! ಆಂಟಿಬಯಾಟಿಕ್ ಏರಿಸಿ ಕಾಯುವುದೆಂದಾಯಿತು. ಮಗಳು ನರಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೇಳಿದ್ದು ಕನ್ನಡದಲ್ಲೇ ತಾನೆ? ಬಾಯಿ ಬಿಟ್ಟರೆ ಏನಾಡುತ್ತೇನೋ ಎಂದು ಅತ್ತೆಯ ಮುಖ ಕೂಡ ನೋಡಲಿಲ್ಲ. ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು.

ಕತ್ತಲಾಗುತ್ತಿದ್ದಂತೆ ಮಗಳನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬಂದ ಸರ್ಜನ್, "ಒಡೆಯೋಕೆ ರೆಡಿಯಾಗಿತ್ತು. ನಿಮ್ಮ ಪುಣ್ಯ," ಎಂದರು. ಗಂಡ ಗೋಡೆಗೆ ಒರಗಿ ಅತ್ತರು. ನನಗೆ ಅಳು ಬರಲಿಲ್ಲ, ನೇರ ಬೆಂಚಿನ ಹತ್ತಿರ ಹೋದೆ.

"ಅಷ್ಟು ಹೇಳಿದ್ರೂ ಯಾಕೆ ತಿನ್ಸಿದ್ರಿ ಅತ್ತೆ? ನಿಮ್ಮ ಕಟ್ಟಳೆಗೆ ನನ್ನ ಮಗಳು ಹೋಗ್ಬಿಡ್ತಿದ್ಳಲ್ಲ!"

ಅತ್ತೆ ತಲೆ ಎತ್ತಲಿಲ್ಲ. "ನಿಮ್ಮಾವನ್ನೂ ಹೀಗೇ ಆಪರೇಷನ್‌ಗೆ ಅಂತ ಒಳಗೆ ಕರ್ಕೊಂಡ್ ಹೋದ್ರು ಕಣಮ್ಮ. 'ಹಸಿವಾಗ್ತಿದೆ ಕಣೇ' ಅಂದ್ರು. ಡಾಕ್ಟ್ರು ಬೇಡ ಅಂದಿದ್ರಲ್ಲ, ನಾನು ಕೊಡ್ಲಿಲ್ಲ. ವಾಪಸ್ ಬರ್ಲೇ ಇಲ್ಲ ಅವರು. ಇವಳಾದ್ರೂ ಹಸ್ಕೊಂಡ್ ಹೋಗ್ದೇ ಇರ್ಲಿ ಅಂತ..."

ಇಷ್ಟು ವರ್ಷದಲ್ಲಿ ಒಂದು ದಿನವೂ ಈ ಮಾತು ಅವರ ಬಾಯಿಂದ ಬಂದಿರಲಿಲ್ಲ. ಜಗಳಕ್ಕೆಂದು ಬಂದವಳು ಅವರ ಪಕ್ಕದಲ್ಲೇ ಕೂತೆ. ಸಿಟ್ಟು ಮಾತ್ರ ಹಾಗೇ ಇತ್ತು, ಅದನ್ನು ಯಾರ ಮೇಲೆ ತೀರಿಸಿಕೊಳ್ಳಲಿ?