ಈರುಳ್ಳಿ ಹಿಡಿಯುವ ಲೋಟ

ತಾಮ್ರದಜ್ಜನ ಎರಡೂ ಕಿವಿಗಳಲ್ಲಿ ಹತ್ತಿ ಇರುತ್ತಿತ್ತು. ಬಿಳಿ ಹತ್ತಿಯಲ್ಲ, ಮಸಿ, ಎಣ್ಣೆ, ಬೆವರು ಕುಡಿದು ಕಪ್ಪಾದ ಎರಡು ಉಂಡೆಗಳು. ಕುಮಟೆ ಪೇಟೆಯ ಓಣಿಯೊಂದರಲ್ಲಿ, ಮನೆಯ ಜಗಲಿಯನ್ನೇ ಕೆಲಸದ ಜಾಗ ಮಾಡಿಕೊಂಡು, ಐವತ್ತು ವರ್ಷಕ್ಕೂ ಮಿಕ್ಕಿ ತಾಮ್ರದ ಹಂಡೆ, ಕೊಡ, ತಂಬಿಗೆ ಬಡಿದವರು ಅವರು. ಉಳಿದಷ್ಟು ಕಿವಿಯಾದರೂ ಇರಲಿ ಎಂದು ಹತ್ತಿ, ಎನ್ನುತ್ತಿದ್ದರು ಅವರ ಹೆಂಡತಿ. ಅದಕ್ಕೆ ಇನ್ನೊಂದು ಉಪಯೋಗವೂ ಇತ್ತು. ಯಾರ ಮಾತು ಕೇಳಬೇಕು ಅನಿಸುತ್ತದೋ ಅವರಿಗೆ ಮಾತ್ರ ಬಲಗಿವಿಯ ಹತ್ತಿ ತೆಗೆದು ಪಕ್ಕದ ಮರದ ಕೊರಡಿನ ಮೇಲೆ ಇಡುತ್ತಿದ್ದರು. ಉಳಿದವರು ಎಷ್ಟು ಕೂಗಿದರೂ ಅಷ್ಟೇ. ನಾನು ಮೊದಲ ಸಲ ಹೋದಾಗ ಹತ್ತಿ ಅಲುಗಲಿಲ್ಲ.

ನಾನು ಹೋದದ್ದು ಮೂರು ಲೋಟ ಮಾಡಿಸಲು. ಸೇಡು ತೀರಿಸಿಕೊಳ್ಳಲು ಎಂದರೂ ಸರಿಯೇ.

ನಮ್ಮ ಮನೆ ತೆಂಗಿನಗುಂಡಿಯಲ್ಲಿ. ಅಮ್ಮ ಭಟ್ಕಳದ ಪೇಟೆಯಲ್ಲಿ ಮೀನು ಮಾರುತ್ತಾಳೆ. ನನ್ನದು ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವ ಕೆಲಸ. ಆದರೆ ಬುದ್ಧಿ ಬಂದಾಗಿನಿಂದ ನನಗೆ ಹುಚ್ಚು ಜಾದೂವಿನದು. ದೊಡ್ಡ ಪೆಟ್ಟಿಗೆ, ಹೊಗೆ, ಕತ್ತಿ ಇರುವಂಥದ್ದಲ್ಲ. ಮೇಜಿನ ಮೇಲೆ ಮೂರು ಲೋಟ ಬೋರಲು ಹಾಕಿ, ಮೂಗಿನಡಿಯಲ್ಲೇ ಚೆಂಡು ಮಾಯ ಮಾಡುವಂಥದ್ದು. ಫೋನಿನಲ್ಲಿ ನೋಡಿ ನೋಡಿ, ಮನೆಯ ಸ್ಟೀಲ್ ಲೋಟದಲ್ಲಿ ಆರು ವರ್ಷ ಕೈ ಪಳಗಿಸಿದ್ದೆ. ಹೊನ್ನಾವರದಲ್ಲಿ ಪ್ರತಿಭಾ ಸ್ಪರ್ಧೆ ಎಂದು ತಿಳಿದು ಹೆಸರು ಕೊಟ್ಟೆ. ಮುಖ್ಯ ಅತಿಥಿಯಾಗಿ ಬಂದವನು ಒಬ್ಬ ಜಾದೂಗಾರ. ಭಟ್ಕಳದಿಂದ ಕುಮಟೆಯವರೆಗೆ ಶಾಲೆ, ಸಂಘ ಎಲ್ಲೆಡೆ ಅವನದೇ ಆಟ. ಅವನನ್ನು 'ಅವನು' ಎಂದೇ ಬರೆಯುತ್ತೇನೆ. ಬಹುವಚನ ಬರುವುದಿಲ್ಲ.

ನನ್ನ ಆಟ ಅರ್ಧಕ್ಕೆ ಬಂದಾಗ ಅವನು ವೇದಿಕೆಗೆ ನಡೆದು ಬಂದ. ನಗುತ್ತ ನನ್ನ ನಡುವಿನ ಲೋಟ ಎತ್ತಿದ. ಅಡಿಯಲ್ಲಿ ನಾನು ಬಚ್ಚಿಟ್ಟ ಚೆಂಡು ಎಲ್ಲರಿಗೂ ಕಂಡಿತು. ಜಾದೂ ಮಾಡುವವರು ಇನ್ನೊಬ್ಬರಿಗೆ ಮಾಡಬಾರದ ಕೆಲಸ ಅದು. ಅಷ್ಟಕ್ಕೆ ಬಿಡಲಿಲ್ಲ. ನನ್ನ ಕೈ ಹಿಡಿದೆತ್ತಿ, "ಮೀನಿನ ಬುಟ್ಟಿ ಹೊರುವ ಮನೆಯ ಕೈ ಇದು, ಬೆರಳು ನೋಡಿ ಎಷ್ಟು ದಪ್ಪ. ಅಂಗಡಿ ಲೋಟದಲ್ಲಿ ಇದು ಬರುವುದಿಲ್ಲ ತಂಗಿ. ನನ್ನ ಹಾಗೆ ಫಾರಿನ್ ಲೋಟ ತರಿಸಬೇಕು" ಎಂದ. ಸಭೆ ನಕ್ಕಿತು. ಮೂರನೆಯ ಸಾಲಿನಲ್ಲಿ ಅಮ್ಮ ಇದ್ದಳು. ಅವಳು ಎರಡೂ ಕೈಗಳನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ಸಭೆಯ ನಗುವನ್ನು ನಾನು ಮರೆತೇನು. ಆ ಸೆರಗನ್ನು ಮರೆಯಲಾರೆ.

ಅದಾದ ಮೇಲೆ ಒಳ್ಳೆಯ ಲೋಟ ಹುಡುಕಿದೆ. ಆನ್‌ಲೈನಿನಲ್ಲಿ ತರಿಸಿದ ಅಲ್ಯೂಮಿನಿಯಂ ಲೋಟ ಬೆರಳು ತಾಗಿದರೆ ಜಾರುತ್ತಿತ್ತು. ಹಿತ್ತಾಳೆಯದು ಮೂರು ನಿಮಿಷಕ್ಕೆ ಮಣಿಕಟ್ಟು ನೋಯಿಸುತ್ತಿತ್ತು. ಯಾವುದರೊಳಗೂ ನಿಂಬೆಹಣ್ಣಿಗಿಂತ ದೊಡ್ಡದು ಹಿಡಿಯುತ್ತಿರಲಿಲ್ಲ. ಮಾಡಿಸಿಯೇ ತೀರಬೇಕು ಎಂದಾಯಿತು. ಕುಮಟೆಯ ಹತ್ತಿರದ ಹೊಳನಗದ್ದೆಯಲ್ಲಿರುವ ಗೆಳತಿ ತಾಮ್ರದಜ್ಜನ ಓಣಿ ತೋರಿಸಿದಳು.

ನಾನು ಬರೆದುಕೊಂಡು ಹೋದ ಚಿತ್ರವನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಲ್ಲಿ ಎಂತ ಹಾಕೂದು?"

"ಅದು ಹೇಳೂಕಾಗೂದಿಲ್ಲ ಅಜ್ಜ," ಎಂದು ಕೈಯಾಡಿಸಿದೆ.

ಚಿತ್ರ ವಾಪಸ್ ಬಂತು. ಮತ್ತೆ ಬಡಿತ ಶುರುವಾಯಿತು. ಎರಡನೆಯ ವಾರವೂ ಅದೇ ಆಯಿತು. ಒಳಗೆ ಏನು ಹಾಕುತ್ತಾರೆಂದು ತಿಳಿಯದೆ ಅವರು ಯಾರಿಗೂ ಪಾತ್ರೆ ಮಾಡಿದವರಲ್ಲವಂತೆ. ಇನ್ನೂ ಒಂದು ಸಂಗತಿ ಓಣಿಯವರು ಹೇಳಿದರು. ಅವರನ್ನು ನೋಯಿಸಿದ ಕೆಲವು ಮನೆಗಳಿದ್ದವು; ಆ ಮನೆಗಳ ಮದುವೆಗೆ ಎಷ್ಟು ಕೇಳಿಕೊಂಡರೂ ಅವರ ಕೈಯ ಹಂಡೆ ಹೋಗುತ್ತಿರಲಿಲ್ಲ. "ನೆನಪು ಹೋದ ಮೇಲೆ ಮಾಡ್ಕೊಡ್ತೆ" ಎನ್ನುತ್ತಿದ್ದರಂತೆ. ಅವರ ನೆನಪು ಹೋಗುವಂಥದ್ದಲ್ಲ.

ಮೂರನೆಯ ಸಲ ನಾನು ಸೋತೆ. ಹೇಳುತ್ತೇನೆ ಎಂದು ಸನ್ನೆ ಮಾಡಿದಾಗ ಬಲಗಿವಿಯ ಹತ್ತಿ ಕೊರಡಿನ ಮೇಲೆ ಬಂತು; ಗುಟ್ಟು ಹೇಳಿದೆ. ಮೂರೂ ಲೋಟ ಒಂದರೊಳಗೊಂದು ಕೂರಬೇಕು, ಕೂತಾಗ ನಡುವೆ ಗೋಲಿಯಷ್ಟು ಚೆಂಡಿಗೆ ಜಾಗ ಉಳಿಯಬೇಕು, ಆದರೆ ಬೋರಲು ಹಾಕಿದಾಗ ಒಳಗೆ ತುಂಬ ದೊಡ್ಡದೊಂದು ಹಿಡಿಯಬೇಕು, ಎತ್ತುವಾಗ ಬೆರಳಿಗೆ ಅಂಚು ಸಿಗಬೇಕು. ಯಾರ ಮುಂದೆ ಆಡಲು, ಯಾಕೆ ಆಡಲು ಎಂಬುದನ್ನೂ ಹೇಳಿದೆ. ಫಾರಿನ್ ಲೋಟದ ಮಾತು ಬಂದಾಗ ತಾಮ್ರದಜ್ಜ ಎಡಗಿವಿಯ ಹತ್ತಿಯನ್ನೂ ತೆಗೆದರು.

"ಇನ್ನೊಂದ್ಸಲ ಹೇಳು. ಎಂತ ಲೋಟ ಅಂದ?"

"ಫಾರಿನ್."

ಅವರು ಎದ್ದು ಗೋಡೆಯ ಮೊಳೆಯಿಂದ ತುಕ್ಕು ಹಿಡಿದ ಒಂದು ತಗಡು ತೆಗೆದರು. ಲೋಟದ ಆಕಾರಕ್ಕೆ ಕತ್ತರಿಸಿದ ಅಳತೆಯ ತಗಡು. ಇಪ್ಪತ್ತೆರಡು ವರ್ಷಗಳ ಹಿಂದೆ ಆ ಜಾದೂಗಾರನೇ ಬಂದು, ಎರಡು ತಿಂಗಳು ಇದೇ ಜಗಲಿಯಲ್ಲಿ ಕೂತು, ಅಜ್ಜಿ ಕೊಟ್ಟ ಚಾ ಕುಡಿದು ಮಾಡಿಸಿಕೊಂಡ ಲೋಟದ ಅಳತೆ ಅದು. ಆಮೇಲೆ ಇವರು ಹೆಂಡತಿಯನ್ನು ಕರೆದುಕೊಂಡು ಅವನ ಆಟ ನೋಡಲು ಹೋಗಿದ್ದರು. ಪಕ್ಕದಲ್ಲಿ ಕೂತವರಿಗೆಲ್ಲ "ಲೋಟ ನಾ ಮಾಡದ್ದು" ಎಂದು ಹೇಳಿಕೊಂಡಿದ್ದರು. ಅವನು ವೇದಿಕೆಯ ಮೇಲೆ ಲೋಟ ಎತ್ತಿ ಹಿಡಿದು, ಇದು ಹಡಗಿನಲ್ಲಿ ಬಂದದ್ದು, ಇಂಥ ಕೆಲಸ ನಮ್ಮ ಕಡೆ ಯಾರಿಗೆ ಬರುತ್ತದೆ ಎಂದ. ಆಮೇಲೆ ಪೇಟೆಯಲ್ಲಿ ಎಷ್ಟೋ ವರ್ಷ ಜನ ಇವರನ್ನು ಕಂಡರೆ "ಫಾರಿನ್ ಅಜ್ಜ, ಹಡಗು ಬಂತಾ?" ಎಂದು ಕೇಳುತ್ತಿದ್ದರು.

"ಸುಳ್ಳುಗಾರ ಅಂದ್ರು ನಂಗೆ," ಎಂದರು ತಾಮ್ರದಜ್ಜ. "ನಂಗೆ!"

ಅವತ್ತಿನಿಂದ ನಾವಿಬ್ಬರೂ ಒಂದು ಪಕ್ಷ.

ಅವನ ಲೋಟದ ಹೊಟ್ಟೆಯೊಳಗೆ ಏನು ಹಿಡಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು: ನಿಂಬೆಹಣ್ಣು, ಅಷ್ಟೇ. ಅದಕ್ಕೇ ಅವನ ಆಟ ಪ್ರತಿಸಲ ಮೂರು ನಿಂಬೆಹಣ್ಣಿನಲ್ಲಿ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡದನ್ನು ತರುವವರು ಇದ್ದರೆ ಬನ್ನಿ ಎಂದು ಸವಾಲು ಹಾಕುತ್ತಿದ್ದ. ತಾಮ್ರದಜ್ಜ ಮಾಡಿನ ತೊಲೆಗೆ ಜಡೆ ಹೆಣೆದು ತೂಗಿಸಿದ್ದ ಕುಮಟೆಯ ಸಿಹಿ ಈರುಳ್ಳಿಯ ಗೊಂಚಲಿನಿಂದ ಮೂರನ್ನು ಕಿತ್ತು ನನ್ನ ಮುಂದಿಟ್ಟರು.

"ಇದು ಹಿಡಿಬೇಕು. ಹೊರಗಿಂದ ಅವಂದೇ ಲೋಟ ಕಾಣ್ಬೇಕು. ಅದೇ ಎತ್ರ, ಅದೇ ಬಾಯಿ."

"ಹೇಂಗೆ ಅಜ್ಜ?"

"ಅವನ ಲೋಟದ ತಳ ಒಳಗೆ ಬಗ್ಗಿದ್ದು ಜಾಸ್ತಿ. ನಾನೇ ಬಗ್ಸಿದ್ದು. ನಿಂದ್ರಲ್ಲಿ ಬಗ್ಸೂದು ಕಡ್ಮೆ ಮಾಡ್ತೆ. ಒಳಗೆ ಅರ್ಧ ಬೆರಳು ಆಳ ಸಿಗ್ತು. ತಗಡೂ ತೆಳು ಮಾಡ್ತೆ."

ಮೂರು ಜೊತೆ ಮಾಡಿದರು. ಮೊದಲನೆಯದು ಮೇಜು ತಾಗಿದರೆ ಗಂಟೆಯ ಹಾಗೆ ಮೊಳಗಿ ಚೆಂಡಿನ ಗುಟ್ಟು ಬಿಟ್ಟುಕೊಡುತ್ತಿತ್ತು. ಎರಡನೆಯದರ ಅಂಚು ಬೆರಳು ಕೊಯ್ಯುತ್ತಿತ್ತು. ಮೂರನೆಯ ಜೊತೆಯನ್ನು ಹಳೆಯ ಎರಡರ ನಡುವೆ ಇಟ್ಟು "ಕಣ್ಣು ಮುಚ್ಚು. ಯಾವ್ದು ನಿಂದು ಹೇಳು" ಎಂದರು. ಮುಟ್ಟಿದ ಕೂಡಲೇ ಗೊತ್ತಾಯಿತು. ದುಂಡಗೆ ಮಡಚಿದ ಅಂಚು ನನ್ನ ಕಿರುಬೆರಳನ್ನು ತಾನೇ ಹುಡುಕಿಕೊಂಡು ಬಂದಂತಿತ್ತು. ದಪ್ಪ ಎಂದು ಅವನು ನಗಿಸಿದ ಬೆರಳುಗಳಿಗೇ ಅಳೆದು ಮಾಡಿದ್ದರು.

ಆಟ ಹೆಣೆದದ್ದೂ ನಾವಿಬ್ಬರೇ. "ಅಂವ ಬೇರೆಯವ್ರ ಲೋಟ ಎತ್ತದೇ ಇರೂದಿಲ್ಲ. ಎತ್ಲಿ. ಅಂವ ಎತ್ತೂದೇ ನಿಂಗೆ ಬೇಕಾದ್ದು" ಎಂದವರು ಅವರು. ಮೂರನೆಯ ಲೋಟದಡಿ ಈರುಳ್ಳಿಯ ಬದಲು ಏಡಿ ಇರಲಿ ಎಂದವಳು ನಾನು. ಅವರು ಒಂದು ಗಳಿಗೆ ನನ್ನನ್ನು ನೋಡಿ, ಗಂಭೀರವಾಗಿ, "ಹಾಂಗಾರೆ ಅದಕ್ಕೆ ಕಲಾಯಿ ಹಾಕ್ಬೇಕು. ಉಪ್ಪುನೀರಿನ ಪ್ರಾಣಿ, ತಾಮ್ರ ಕಿಲುಬು ಬತ್ತು" ಎಂದು ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡಿಕೊಟ್ಟರು. ಒಬ್ಬನ ಮಾನ ತೆಗೆಯುವ ಕೆಲಸವನ್ನು ಅಷ್ಟು ಶ್ರದ್ಧೆಯಿಂದ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಭಟ್ಕಳದ ಒಂದು ಸಭಾಭವನದಲ್ಲಿ ಅವನ ಆಟವಿತ್ತು. ಮುಂದಿನ ಸಾಲಿನಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ತಾಮ್ರದಜ್ಜ, ಪಕ್ಕದಲ್ಲಿ ಅಮ್ಮ. ನಿಂಬೆಹಣ್ಣು ಬಂತು, ಸವಾಲು ಬಂತು, ನಾನು ಎದ್ದೆ. ಅವನಿಗೆ ನನ್ನ ಗುರುತು ಸಿಕ್ಕಿತು. "ಓಹೋ, ಮೀನಿನ ತಂಗಿ!" ಎಂದ. ಸರಿ, ಅನ್ನು ಎಂದುಕೊಂಡೆ.

ಆಡಿದೆ. ಚೆಂಡು ಹೋಯಿತು, ಬಂತು. ಕೊನೆಗೆ ಮೂರೂ ಲೋಟ ಬೋರಲು ಹಾಕಿ, ನಡುವಿನದರ ಮೇಲೆ ಬೇಕೆಂದೇ ಕೈ ಸ್ವಲ್ಪ ಹೊತ್ತು ತಡೆದೆ. ಅವನು ಅದನ್ನೇ ಕಾಯುತ್ತಿದ್ದ. "ಇಲ್ಲೇ ಇದೆ ನೋಡಿ ಗುಟ್ಟು!" ಎಂದು ಎತ್ತಿದ. ಅಂಗೈ ತುಂಬುವಂಥ ಕೆಂಪು ಈರುಳ್ಳಿ. ಸಭೆ ಹೋ ಎಂದಿತು. ಅವನು ತಡೆಯಲಾರದೆ ಎಡಗಡೆಯದನ್ನು ಎತ್ತಿದ. ಇನ್ನೊಂದು ಈರುಳ್ಳಿ. ಮೂರನೆಯದನ್ನು ಎತ್ತಬಾರದಿತ್ತು. ಎತ್ತಿದ. ಏಡಿ ಅವನ ಕೈಯ ಕಡೆಗೇ ಓಡಿತು. ಅದರ ಕಚ್ಚುವ ಕೊಂಬುಗಳಿಗೆ ದಾರ ಕಟ್ಟಿತ್ತು, ಅದೇನೂ ಮಾಡುತ್ತಿರಲಿಲ್ಲ. ಆದರೆ ಅವನು ಕಿರುಚಿ ಹಿಂದಕ್ಕೆ ಹಾರಿ ಕುರ್ಚಿಯ ಸಮೇತ ಬಿದ್ದ. ಏಡಿ ಲೋಟದಡಿ ಹೇಗೆ ಹೋಯಿತೆಂದು ಇಲ್ಲಿ ಬರೆಯುವುದಿಲ್ಲ. ತಾಮ್ರದಜ್ಜನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಮೇಜಿನಡಿ ಸೇರಿದ ಏಡಿಯನ್ನು ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿದಳು, ಬರಿಗೈಯಲ್ಲಿ ಹಿಡಿದೆತ್ತಿ ಸಭೆಗೆ ತೋರಿಸಿದಳು. ಅವತ್ತಿನ ಅತಿ ದೊಡ್ಡ ಚಪ್ಪಾಳೆ ಆ ಕೈಗೆ ಬಿತ್ತು.

ಅವನು ಎದ್ದು ನಿಂತಾಗ ನಾನು ಕೇಳಿದೆ: "ಸರ್, ನಿಮ್ಮ ಫಾರಿನ್ ಲೋಟದ ಒಳಗಡೆ, ಅಂಚಿನ ಹತ್ತಿರ ಮೂರು ಚುಕ್ಕೆ ಇದೆಯಲ್ಲ, ಅದು ಯಾವ ದೇಶದ ಗುರುತು?" ನಿರೂಪಣೆ ಮಾಡುತ್ತಿದ್ದ ಶಿಕ್ಷಕಿ ಅವನ ಲೋಟ ತೆಗೆದು ನೋಡಿದರು. ಇತ್ತು. ನನ್ನದರಲ್ಲೂ ಇತ್ತು. ತಾಮ್ರದಜ್ಜ ತಾವು ಮಾಡಿದ ಪ್ರತಿ ಪಾತ್ರೆಗೆ ಹೊಡೆಯುತ್ತಿದ್ದ ಗುರುತು. ಅವರನ್ನು ಎದ್ದು ನಿಲ್ಲಲು ಹೇಳಿ ಮೈಕು ಕೊಟ್ಟೆ. ದೊಡ್ಡ ಭಾಷಣ ನಿರೀಕ್ಷಿಸಿದ್ದೆ. "ಕುಮಟೆ ಪೇಟೆಲಿ ಮಾಡದ್ದು. ಇಪ್ಪತ್ತೆರಡು ವರ್ಷ ಆತು," ಎಂದಷ್ಟೇ ಹೇಳಿ ಕೂತರು.

ಯಾರೋ ತೆಗೆದ ವಿಡಿಯೋ ಮೂರೂ ತಾಲೂಕುಗಳಲ್ಲಿ ಓಡಾಡಿತು. ಅವನ ಆಟಗಳು ಕಡಿಮೆಯಾದವು. ನನಗೆ ಒಂದಿಷ್ಟೂ ಮರುಕ ಬರಲಿಲ್ಲ. ಪ್ರತಿ ತಿಂಗಳು ಕುಮಟೆಗೆ ಹೋದಾಗ ತಾಮ್ರದಜ್ಜ "ಏಡಿದು ಹಾಕು" ಎನ್ನುತ್ತಿದ್ದರು. ಅವನು ಕಿರುಚುವಲ್ಲಿಗೆ ಬಂದರೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ಅಜ್ಜಿ ಒಳಗಿಂದ "ಸಾಕು ಮಾರಾಯ್ರೆ" ಎಂದರೂ ಇನ್ನೊಮ್ಮೆ ಹಾಕುತ್ತಿದ್ದೆವು.

ಒಂದು ವರ್ಷದ ಮೇಲೆ ಅವನು ಒಬ್ಬನೇ ಅವರ ಜಗಲಿಯ ಮೆಟ್ಟಿಲ ಕೆಳಗೆ ಬಂದು ನಿಂತನಂತೆ. ಕೈಯಲ್ಲಿ ಅವನ ಒಂದು ಲೋಟ. ಬಸ್ಸಿನಿಂದ ಬಿದ್ದು ಹೊಟ್ಟೆ ತಗ್ಗಾಗಿತ್ತು. ಒಂದು ಕೆಟ್ಟರೆ ಮೂರೂ ಕೆಟ್ಟಂತೆ, ಆಟವೇ ನಿಂತಿತ್ತು. ಸರಿ ಮಾಡಿಕೊಡಿ ಎಂದು ಕೈ ಮುಗಿದನಂತೆ.

"ನೀವೆಂತ ಹೇಳಿದ್ರಿ?" ಎಂದು ಕೇಳಿದೆ.

"ಫಾರಿನ್ ಮಾಲಲ್ದಾ, ಅಲ್ಲಿಗೇ ಕಳ್ಸಿ ಅಂದೆ."

ನಾನು ಜೋರಾಗಿ ನಕ್ಕೆ. ಅವರು ನಗಲಿಲ್ಲ. ಸುತ್ತಿಗೆ ಕೆಳಗಿಟ್ಟರು.

"ಮನ್ಷನ ಮೇಲೆ ಸಿಟ್ಟು ಸರಿ, ತಂಗಿ. ಅದು ನಾ ಸಾಯೂವರೆಗೂ ಇರ್ತು. ಆದ್ರೆ ಲೋಟ ನಂದು. ಅದು ಎಂತ ಮಾಡಿತ್ತು? ಹಾಂಗೇ ಕಳ್ಸಿಬಿಟ್ಟೆ." ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ನೀ ಹೊನ್ನಾವರಕ್ಕೆ, ಅವನ ಮನೆಗೆ ಹೋಗಿ ತಕಂಡು ಬಾ. ಅರ್ಧ ತಾಸಿನ ಕೆಲ್ಸ. ಸರಿ ಮಾಡ್ತೆ. ಅವಂಗೆ ನಾ ಮಾಡ್ದೆ ಅಂತ ಹೇಳೂದೂ ಬೇಡ."

"ಆತು," ಎಂದೆ.

ಹೋಗಲಿಲ್ಲ. ಕುಮಟೆಯಿಂದ ಭಟ್ಕಳಕ್ಕೆ ಬಸ್ಸು ಹೊನ್ನಾವರ ದಾಟಿಯೇ ಹೋಗುತ್ತದೆ, ಇಳಿದರೆ ಹತ್ತು ನಿಮಿಷದ ದಾರಿ. ಇನ್ನೊಂದು ವಾರ ಅವನು ಒದ್ದಾಡಲಿ ಎಂದು ಬಿಟ್ಟೆ. ಅದು ಕಳೆದ ಮೇಲೆ ಇನ್ನೊಂದು ವಾರ ಬಿಟ್ಟೆ. ಅವನು ಖಾಲಿ ಕೈಯಲ್ಲಿ ಕೂತಿರುವುದನ್ನು ನೆನೆದರೆ ಊಟ ರುಚಿಸುತ್ತಿತ್ತು, ನಿಜ ಹೇಳುತ್ತೇನೆ. ಐದನೆಯ ವಾರ ಗೆಳತಿಯ ಫೋನ್ ಬಂತು. ತಾಮ್ರದಜ್ಜ ಬೆಳಿಗ್ಗೆ ಚಾ ಕುಡಿದು ಜಗಲಿಯಲ್ಲಿ ಕೂತವರು ಹಾಗೇ ಒರಗಿದ್ದರು.

ಅಜ್ಜಿ ನನ್ನ ಕೈ ಹಿಡಿದುಕೊಂಡು ಹೇಳಿದರು, "ಆ ಹೆಣ್ಣು ಲೋಟ ತಂತಾ ಅಂತ ದಿನಾ ಕೇಳ್ತಿದ್ರು. ಸಣ್ಣ ಸುತ್ತಿಗೆ ಬೇರೆ ತೆಗ್ದಿಟ್ಕೊಂಡಿದ್ರು. ನಾ ಎಂತ ಹೇಳ್ಲಿ?"

ಹದಿಮೂರು ದಿನ ಕಳೆದ ಮೇಲೆ ಹೊನ್ನಾವರದಲ್ಲಿ ಇಳಿದೆ. ಅವನೇ ಬಾಗಿಲು ತೆರೆದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಒಳಗೆ ಕರೆಯಲಿಲ್ಲ, ನಾನೂ ಚಪ್ಪಲಿ ಬಿಡಲಿಲ್ಲ. ಹೊಸಿಲಲ್ಲೇ ನಿಂತು, ನಿಮ್ಮ ಲೋಟ ಸರಿ ಮಾಡಲು ಅಜ್ಜ ಒಪ್ಪಿದ್ದರು, ತೆಗೆದುಕೊಂಡು ಬಾ ಎಂದು ನನಗೆ ಹೇಳಿದ್ದರು ಎಂದೆ.

"ಅವರು ತೀರಿಕೊಂಡರಲ್ಲ," ಎಂದ. "ಯಾವಾಗ ಹೇಳಿದ್ದರು?"

"ಒಂದೂವರೆ ತಿಂಗಳ ಹಿಂದೆ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು. ಅವನು ಮೆತ್ತಗೆ, "ಈಗ ಬಂದೆಯಾ?" ಎಂದು ಕೇಳಿ ಬಾಗಿಲು ಹಾಕಿಕೊಂಡ.

ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇದೆ. ಆದರೆ ತಾಮ್ರದಜ್ಜ ನನ್ನನ್ನು ಕೇಳಿದ್ದು ಒಂದೇ ಕೆಲಸ.