ಹಡಪ್ಸರಕ್ಕೆ ಹೋದ ಸೂರ್ಯ

ನಿಜಲಿಂಗಪ್ಪನವರು ಹುಟ್ಟಿದ್ದು ಸಿಂದಗಿಯಲ್ಲಿ, ಮನೆ ಮಾಡಿರುವುದು ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ, ಕೆಲಸ ಭೋಸರಿಯಲ್ಲಿ ಯಂತ್ರಗಳ ಗಿಯರ್ ಮಾಡುವ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಗಿಯರಿನ ಹಲ್ಲು ಕೂದಲೆಳೆಯಷ್ಟು ಹೆಚ್ಚು ದಪ್ಪವಾದರೂ ತಿರಸ್ಕರಿಸುವುದು ಅವರ ಉದ್ಯೋಗ. ಹೆಂಡತಿ ಶಿವಗಂಗವ್ವ ಬಡಿದ ರೊಟ್ಟಿ ಒಂದು ಕಡೆ ದಪ್ಪವಾಗಿದೆ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದರು. ಎರಡನೆಯ ಸಲ ಹೇಳಲಿಲ್ಲ.

ಅವರ ಒಂದೇ ಹುಚ್ಚು ನಕ್ಷತ್ರಗಳದ್ದು. ಪುಣೆಯ ಆಕಾಶದಲ್ಲಿ ಈಗ ಕಾಣುವ ನಕ್ಷತ್ರಗಳು ಬಲು ಕಡಿಮೆ, ಆದರೆ ಅದರಿಂದ ಅವರಿಗೇನೂ ತೊಂದರೆಯಿಲ್ಲ. ಅವರಿಗೆ ಬೇಕಾದದ್ದು ನಕ್ಷತ್ರದ ಅಂದವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಓಡುವುದು ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರು. ಅದನ್ನು ಅವರು ಒಂದೇ ಕಿಲೋಮೀಟರಿಗೆ ಇಳಿಸಿ, ಸೂರ್ಯನನ್ನು ತಮ್ಮ ಮನೆಯ ಬಾಗಿಲಲ್ಲಿಟ್ಟು, ಸ್ಕೂಟರಿನ ಮೀಟರು ನೋಡುತ್ತ ಬಂಧುಗಳ ಮನೆಗಳಿಗೆಲ್ಲ ಹೋಗಿ ಬಂದರು. ದಿಕ್ಕು ಲೆಕ್ಕಕ್ಕಿಲ್ಲ. ಮನೆ ಎಷ್ಟು ಕಿಲೋಮೀಟರು ದೂರವೋ ಅಷ್ಟು ಜ್ಯೋತಿರ್ವರ್ಷ ದೂರದ ನಕ್ಷತ್ರ ಆ ಮನೆಯದು. ದೌಂಡದ ಅಕ್ಕ ಕಮಲವ್ವನ ಮನೆ ಎಪ್ಪತ್ತೊಂಬತ್ತು, ಅಂದರೆ ಮಘಾ. ಅಕ್ಕ ಕುಣಿದಾಡಿದಳು. ದಸರೆಗೆ ಬನ್ನಿ ಕೊಡಲು ಹೋದಲ್ಲೆಲ್ಲ ನಿಜಲಿಂಗಪ್ಪನವರು ಎಲೆಯ ಜೊತೆಗೆ ನಕ್ಷತ್ರದ ಹೆಸರು ಕೆತ್ತಿದ ಒಂದು ಅಲ್ಯೂಮಿನಿಯಂ ಫಲಕವನ್ನೂ ಕೊಟ್ಟರು. ಬೇಡ ಎನ್ನುವ ಮೊದಲೇ ಬಾಗಿಲಿಗೆ ಸ್ಕ್ರೂ ಹಾಕಿ ಕೂರಿಸಿದರು.

ಹಡಪ್ಸರದಲ್ಲೂ ಕೂರಿಸಿದರು. ಅದು ಅಮರನ ಮನೆ. ಅಮರನಿಗೂ ನಿಜಲಿಂಗಪ್ಪನವರ ಮಗಳು ಮಾಧುರಿಗೂ ಪರಸ್ಪರ ಒಪ್ಪಿಗೆಯಾಗಿತ್ತು, ದೀಪಾವಳಿ ಕಳೆದ ಮೇಲೆ ನಿಶ್ಚಯ. ದೂರ ಏಳು ಪಾಯಿಂಟ್ ಒಂಬತ್ತು. ನಕ್ಷತ್ರ, ವುಲ್ಫ್ 359.

"ಇದ್ಯಾವ ನಕ್ಷತ್ರರಿ? ಪಂಚಾಂಗದಾಗ ಇಲ್ಲಲ್ಲ," ಎಂದರು ಅಮರನ ದೊಡ್ಡಪ್ಪ ಮಾರ್ತಾಂಡಪ್ಪ. ಆ ಮನೆಯಲ್ಲಿ ಅವರ ಮಾತೇ ಕೊನೆ.

ನಿಜಲಿಂಗಪ್ಪನವರು ಸಂತೋಷದಿಂದ ನಿಜ ಹೇಳಿದರು. "ಕೆಂಪು ಕುಬ್ಜ ರೀ. ನಮ್ಮ ಬಾಗಿಲದಾಗಿನ ಸೂರ್ಯನ ಬೆಳಕಿನ್ಯಾಗ ಸಾವಿರಕ್ಕ ಒಂದ ಪಾಲು. ಭಾಳ ಸಮೀಪ ಅದ, ಆದ್ರ ಬರಿಗಣ್ಣಿಗೆ ಕಾಣಂಗಿಲ್ಲ."

ಮರುದಿನವೇ ಮಾರ್ತಾಂಡಪ್ಪನವರ ಫೋನು ಬಂತು. "ಹೆಣ್ಣಿನವರ ಮನ್ಯಾಗ ಸೂರ್ಯ, ಗಂಡಿನವರು ಕಣ್ಣಿಗೇ ಕಾಣದವರು. ಭಾಳ ಚಂದ ಆತು. ನಿಶ್ಚಯದ ಮಾತು ಸದ್ಯಕ್ಕ ಬ್ಯಾಡ್ರಿ."

"ನಮ್ಮ ಸೂರ್ಯ ಏನ್ ದೊಡ್ಡದಲ್ಲರಿ ಮಾರ್ತಾಂಡಪ್ಪನವರ, ಈ ಲೆಕ್ಕದಾಗ ಸಣ್ಣ ರವಾದ ಕಾಳಿಗಿಂತ ಸಣ್ಣದು."

"ರವಾ ಇರ್ಲಿ, ಶ್ಯಾವಿಗಿ ಇರ್ಲಿ, ಸೂರ್ಯ ಸೂರ್ಯನ ಅಲ್ಲೇನ್ರಿ?" ಫೋನು ಕಟ್ಟಾಯಿತು.

ಮಾಧುರಿ ಊಟಕ್ಕೆ ಏಳಲಿಲ್ಲ. ಶಿವಗಂಗವ್ವ ಗಂಡನ ನಕ್ಷತ್ರಪಟ್ಟಿಯನ್ನು ಮೊದಲ ಸಲ ಗಮನವಿಟ್ಟು ನೋಡಿದರು. ಎಂಟು ಪಾಯಿಂಟ್ ಆರರಲ್ಲಿ ಲುಬ್ಧಕವಿತ್ತು, ಇಡೀ ರಾತ್ರಿ ಆಕಾಶದಲ್ಲೇ ಎಲ್ಲಕ್ಕಿಂತ ಹೊಳೆಯುವ ನಕ್ಷತ್ರ.

"ಒಂದ್ ಗಲ್ಲಿ ಸುತ್ತು ಹಾಕ್ಕೊಂಡು ಹೋಗ್ರಿ. ಲುಬ್ಧಕ ಅವರ ಮನಿಗೇ ಬರ್ತದ."

"ದೂರ ಅಂದ್ರ ಹತ್ತಿರದ ದಾರಿಯಿಂದ ಅಳದದ್ದು. ಸುತ್ತು ಹಾಕಿದ್ರ ಅದು ತಿರುಗಾಟ ಆಗ್ತದ."

"ಅಪ್ಪಾ," ಎಂದಳು ಮಾಧುರಿ ಒಳಗಿನಿಂದ, "ನನ್ನ ಲಗ್ನ ಏಳುನೂರು ಮೀಟರಿನ ಮ್ಯಾಲೆ ನಿಂತದ."

ಅಳತೆ ತಿದ್ದುವುದು ನಿಜಲಿಂಗಪ್ಪನವರಿಂದಾಗದು. ಮಗಳ ಹಟವೂ ಅವರದ್ದೇ, ಅದನ್ನೂ ಬಲ್ಲರು. ಎರಡು ದಿನ ಕಾರ್ಖಾನೆಯಲ್ಲಿ ಅವರು ಒಂದು ಗಿಯರನ್ನೂ ತಿರಸ್ಕರಿಸಲಿಲ್ಲ; ಸಹೋದ್ಯೋಗಿಗಳು ಜ್ವರವಿರಬೇಕೆಂದುಕೊಂಡರು.

ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರು ತಂದು, ತಮ್ಮ ಬಾಗಿಲಿನ ಸೂರ್ಯನ ಫಲಕವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹಡಪ್ಸರಕ್ಕೆ ಹೊರಟರು. ಅಲ್ಲಿ ವುಲ್ಫ್ 359 ಬಿಚ್ಚಿ, ಅದೇ ತೂತುಗಳಿಗೆ ಸೂರ್ಯನನ್ನು ಕೂರಿಸಿದರು.

"ಇದೇನ್ರಿ?" ಎಂದರು ಮಾರ್ತಾಂಡಪ್ಪ.

"ಇಲ್ಲಿಂದ ಅಲ್ಲಿಗೆ ಎಷ್ಟೋ ಅಲ್ಲಿಂದ ಇಲ್ಲಿಗೂ ಅಷ್ಟ ಅಲ್ರಿ? ಸೂರ್ಯ ನಿಮ್ಮ ಮನ್ಯಾಗ ಇದ್ರೂ ಲೆಕ್ಕ ತಪ್ಪಂಗಿಲ್ಲ. ಕಾಣದ ನಕ್ಷತ್ರ ಇನ್ನ ನಮ್ಮದು."

ಮಾರ್ತಾಂಡಪ್ಪ ಫಲಕವನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿದರು. ಅವರ ಹೆಸರಿನ ಅರ್ಥವೇ ಸೂರ್ಯ. ನ್ಯಾಯ ತಡವಾಗಿಯಾದರೂ ಸಿಕ್ಕಿತು ಎಂಬ ಕಳೆ ಮುಖದಲ್ಲಿತ್ತು. "ಚಹಾ ತರ್ರಿ," ಎಂದು ಒಳಗೆ ಕೂಗಿದರು. "ಸಕ್ರಿ ಜಾಸ್ತಿ ಹಾಕ್ರಿ. ನಿಶ್ಚಯಕ್ಕ ಎಷ್ಟು ಮಂದಿ ಬರ್ತೀರಿ ಬೀಗರ?"

ಸಂಜೆ ದೌಂಡದಿಂದ ಕಮಲವ್ವನ ಫೋನು. ಸುದ್ದಿ ಆಗಲೇ ಮುಟ್ಟಿತ್ತು. ಹಡಪ್ಸರ ದೌಂಡದ ದಾರಿಯಲ್ಲೇ ಇರುವುದರಿಂದ ಸೂರ್ಯ ಆಕೆಗೆ ಸುಮಾರು ಎಂಟು ಕಿಲೋಮೀಟರು ಹತ್ತಿರವಾಗಿದ್ದ.

"ಹಂಗಂದ್ರ ನನ್ನ ಮಘಾ ಹೋತೇನೋ?"

"ಹೋತಕ್ಕಾ. ಎಪ್ಪತ್ತೊಂದಕ್ಕ ಏನದ ಅಂತ ಹುಡುಕಾಕ್ಹತ್ತೀನಿ."

"ಹುಡುಕು. ನಾ ಮಾತ್ರ ಬಾಗಿಲದಾಗಿನ ಪಾಟಿ ಬಿಚ್ಚಾಂಗಿಲ್ಲ. ನಿನ್ನ ಸ್ಕ್ರೂಡ್ರೈವರ್ ತಗೊಂಡು ಬಂದೀ ಅಂದ್ರ ಊಟಾ ಹಾಕಾಂಗಿಲ್ಲ ನೋಡು."

ನಿಜಲಿಂಗಪ್ಪನವರು ಅಕ್ಕನ ತಪ್ಪು ಅಳತೆಯನ್ನು ಒಪ್ಪಿಕೊಂಡರು. ಗೊತ್ತಿದ್ದೂ ತಪ್ಪು ಅಳತೆಯನ್ನು ಒಪ್ಪಿದ್ದು ಅವರ ವೃತ್ತಿಜೀವನದಲ್ಲಿ ಇದೇ ಮೊದಲು.

ಆಮೇಲೆ ವುಲ್ಫ್ 359ನ್ನು ತಮ್ಮ ಬಾಗಿಲಿಗೆ ಕೂರಿಸತೊಡಗಿದರು. ಶಿವಗಂಗವ್ವ ಸ್ಕ್ರೂ ಹಿಡಿದು ನಿಂತಿದ್ದರು.

"ಅಲ್ರಿ, ನಿಮ್ಮ ಈ ನಕ್ಷತ್ರಕ್ಕ ಹೋಗಿ ನೋಡಿದ್ರ ಸೂರ್ಯ ಕಾಣ್ತಾನೇನು?"

"ಛಲೋ ಕಾಣ್ತಾನ. ಅಲ್ಲಿ ಆಕಾಶದಾಗ ಹೊಳಿಯೂ ನಕ್ಷತ್ರದಾಗ ಅವನೂ ಒಬ್ಬ. ಸೂರ್ಯನ ಕಡೆಯಿಂದ ನಾವು ಕಾಣಂಗಿಲ್ಲ, ಅಷ್ಟ." ಅವರು ಕೊನೆಯ ಸ್ಕ್ರೂವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತಿರುಗಿಸಿದರು. "ಮಾಧುರಿ ಅಲ್ಲಿ ಹೋದ್ರೂ ನಮಗ ಕಾಣ್ತಾಳ."

"ನೀವು ಇಲ್ಲಿಂದ ನೋಡ್ಕೋತ ಕೂಡ್ರಿ," ಎಂದರು ಶಿವಗಂಗವ್ವ. "ಹಡಪ್ಸರಕ್ಕ ಬಸ್ಸ ಅದಾವ, ನಾ ಹೋಗಿ ಬರ್ತೀನಿ."