ಉಂಡೆಯಾದ ಮೇಷ್ಟ್ರು

ಬಿಳಿ ಅಂಗಿ, ತಲೆತುಂಬ ನರೆ. ಅಂಥ ಮನುಷ್ಯ ಕ್ಲಾಸಿನ ಸಿಮೆಂಟು ನೆಲದ ಮೇಲೆ ಮಂಡಿಯನ್ನು ಎದೆಗೊತ್ತಿ, ಗಲ್ಲವನ್ನು ಮಂಡಿಗಿಟ್ಟು ಉಂಡೆಯಾಗಿ ಮಲಗಿಬಿಟ್ಟಿದ್ದರು. ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು.

"ಕೋಲು ತಗೊಂಡು ತಿವಿಯವ್ವ. ಹೊಟ್ಟೆ ಸಿಕ್ತದಾ ನೋಡು" ಎಂದರು ನನಗೆ. ಮೇಷ್ಟ್ರನ್ನು ತಿವಿಯುವುದುಂಟೇ! ಹೆದರುತ್ತಲೇ ತಿವಿದೆ. ಎಲ್ಲಿ ತಿವಿದರೂ ಬೆನ್ನೇ.

ಅವರ ಮಗಳು ನನ್ನ ಬೆಂಚಿನ ಗೆಳತಿ. "ಅಪ್ಪಾ, ಎದ್ದೇಳಪ್ಪೋ, ನನ್ ಮಾನ ಹೋಯ್ತದೆ!" ಎಂದು ಮುಖ ಮುಚ್ಚಿಕೊಂಡಳು. ಎಷ್ಟು ನಕ್ಕಿದ್ದೆವು ಅಂದು!

ಎದ್ದು ಧೂಳು ಕೊಡವಿಕೊಂಡು ಟ್ರೈಲೋಬೈಟ್‌ನ ಕಥೆ ಹೇಳಿದರು. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿದ್ದ ಜೀವಿ. ಬೆನ್ನಿಗೆ ಗಟ್ಟಿ ಚಿಪ್ಪು, ಹೊಟ್ಟೆ ಮೆತ್ತಗೆ. ತಿನ್ನಲು ಯಾರಾದರೂ ಬಂದರೆ ತಲೆಗೂ ಬಾಲಕ್ಕೂ ಗಂಟು ಹಾಕಿದ ಹಾಗೆ ಸುತ್ತಿಕೊಳ್ಳುತ್ತಿತ್ತಂತೆ. "ಸುತ್ಕಳದು ಅರ್ಧ ಜಾಣತನ ಕಣ್ರೋ. ಅಪಾಯ ಹೋದ್ಮೇಲೆ ಬಿಚ್ಕಂಡು ಮೇಯಕ್ಕೆ ಹೋಗ್ತಿತ್ತಲ್ಲ, ಅದು ಇನ್ನರ್ಧ" ಎಂದರು.

ಅದು ಕಲ್ಲಾಗಿ ಉಳಿದಿರುತ್ತದೆ ಎಂದಿದ್ದೇ ತಡ, ನಾವಿಬ್ಬರೂ ಊರಾಚೆಯ ಜಲ್ಲಿ ಕ್ರಷರಿಗೆ ಹೋಗಿ, ದುಂಡಗೆ ಕಂಡ ಕಲ್ಲನ್ನೆಲ್ಲ ಚೀಲಕ್ಕೆ ತುಂಬಿ ತಂದೆವು. ಮೇಷ್ಟ್ರು ಬೈಯಲಿಲ್ಲ. ಒಂದೊಂದನ್ನೂ ತಿರುಗಿಸಿ ನೋಡಿದರು. "ನಮ್ ಬಂಡೆ ಬೆಂಕೀಲಿ ಕರಗಿ ಗಟ್ಟಿಯಾಗಿದ್ದು ಕಣ್ರವ್ವ. ಇದ್ರಲ್ಲಿ ಯಾವ ಜೀವಾನೂ ಸಿಕ್ಕಕಿಲ್ಲ." ಆದರೂ ಎಸೆಯಲಿಲ್ಲ, ಮಗಳ ಕನಕಾಂಬರದ ಪಾತಿಯ ಸುತ್ತ ಜೋಡಿಸಿದರು.

ಆಮೇಲೆ ಪಕ್ಕದ ಹಾರೋಹಳ್ಳಿಯಲ್ಲಿ ಒಂದರ ಹಿಂದೊಂದು ಕಂಪನಿ ಬಂದವು. ಪಿಯುಸಿ ಮುಗಿಸಿ ನಾವಿಬ್ಬರೂ ಒಂದೇ ಕಡೆ ಕೆಲಸಕ್ಕೆ ಸೇರಿದೆವು. ಒಂದು ವಾರ ನನಗೆ ಸೆಕೆಂಡ್ ಶಿಫ್ಟು, ಅವಳಿಗೆ ಫಸ್ಟು. ಬೆಳಿಗ್ಗೆ ಬಸ್ಸಿಗೆಂದು ರಸ್ತೆ ದಾಟುವಾಗ ಜಲ್ಲಿ ಲಾರಿ ಅವಳ ಮೇಲೆ ಹರಿಯಿತು.

ಮೇಷ್ಟ್ರು ಅಳಲಿಲ್ಲ. ತಿಥಿ ಮುಗಿದ ಮೇಲೆ ನಡುಮನೆಯ ಚಾಪೆಯಲ್ಲಿ ಗೋಡೆಗೆ ಮುಖ ಮಾಡಿ, ಮಂಡಿಯನ್ನು ಎದೆಗೆ ಎಳೆದುಕೊಂಡು ಮಲಗಿದರು. ಸ್ಕೂಲು ಬಿಟ್ಟರು, ಮಾತು ಬಿಟ್ಟರು. ಶಿಫ್ಟು ಮುಗಿಸಿ ನಾನು ಬಸ್ಸಾರು, ಮುದ್ದೆ ತಗೊಂಡು ಹೋಗುತ್ತಿದ್ದೆ. ಮೇಷ್ಟ್ರ ಹೆಂಡತಿ, "ನೀನಾರ ಎಬ್ಬಿಸು ಮಗಾ, ಹಿಂಗೇ ಇದ್ರೆ ಉಳಿಯಕಿಲ್ಲ ಇವ್ರು" ಎಂದು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ಸಂಜೆ ನನಗೂ ತಡೆಯಲಾಗಲಿಲ್ಲ.

"ಅಪಾಯ ಹೋದ್ಮೇಲೆ ಬಿಚ್ಕಬೇಕು ಅಂತ ನೀವೇ ಅಲ್ವಾ ಮೇಷ್ಟ್ರೇ ಹೇಳಿದ್ದು? ಎದ್ದೇಳಿ, ಒಸಿ ಉಣ್ಣಿ."

ಬೀದಿಯಲ್ಲಿ ಲಾರಿಯೊಂದು ಮನೆಯನ್ನೇ ನಡುಗಿಸುತ್ತ ಹೋಯಿತು. ಅದರ ಸದ್ದಿಗೆ ಅವರು ಮಂಡಿಯನ್ನು ಇನ್ನೂ ಬಿಗಿಯಾಗಿ ಎದೆಗೆಳೆದುಕೊಂಡರು.

"ಹೋಗೈತೇನವ್ವ?" ಎಂದರು.

ತಟ್ಟೆಯನ್ನು ಅಲ್ಲೇ ಇಟ್ಟು ಬಂದೆ.

ಮುಂದಿನ ಬೇಸಿಗೆ ದಾಟಲಿಲ್ಲ ಅವರು. ಸುದ್ದಿ ಕೇಳಿ ಓಡಿಹೋದಾಗ ಅದೇ ಚಾಪೆ, ಅದೇ ಉಂಡೆ. ಕಾಲು ನೀಡಿಸಿ ಹೆಬ್ಬೆರಳು ಕಟ್ಟಬೇಕಲ್ಲ. ಊರಿನ ಹಿರಿಯರು ಎಳೆದು ನೋಡಿ ಸೋತಿದ್ದರು. "ಸೆಟ್ಕಬುಟ್ಟೈತೆ, ಒಸಿ ಜೋರಾಗಿ ಒತ್ರಲಾ" ಎಂದು ಯಾರೋ ಅಂದರು. ಎಲ್ಲರನ್ನೂ ಸರಿಸಿ ಪಕ್ಕದಲ್ಲಿ ಕೂತೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಮಂಡಿಗೆ ಒತ್ತಿ ಒತ್ತಿ ನೀವಿದೆ. ಆಮೇಲೆ ಕಿವಿಯ ಹತ್ತಿರ ಬಗ್ಗಿ ಹೇಳಿದೆ:

"ಹೋಯ್ತು ಮೇಷ್ಟ್ರೇ. ಇನ್ನು ಯಾವ್ದೂ ಬರಕಿಲ್ಲ. ಬಿಚ್ಕಳಿ."